ಫ್ಯಾಸಿಯಾ ತೊಂದರೆಯ ಗುರುತುಗಳು: ಮನೆಯಲ್ಲೇ ನೋಡಿಕೊಳ್ಳುವ ಬಗೆ

ಮೊಬೈಲ್ ವಿಡಿಯೊಗಳನ್ನು ನಂಬುವುದಾದರೆ ಮನುಷ್ಯನ ಎಲ್ಲ ನೋವಿಗೂ ಈಗ ಒಂದೇ ಕಾರಣ, ಫ್ಯಾಸಿಯಾ. ಕತ್ತು ಹಿಡಿದರೂ ಅದೇ, ಸೊಂಟ ಹಿಡಿದರೂ ಅದೇ, ಮುಖ ಸುಕ್ಕುಗಟ್ಟಿದರೂ ಅದೇ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಫಿಸಿಯೋಥೆರಪಿ ಮಾಡುವ ನನ್ನ ಬಳಿಗೆ ಕೆಲವರು ಕಾಯಿಲೆಯ ಹೆಸರನ್ನು ತಾವೇ ತೀರ್ಮಾನಿಸಿಕೊಂಡು ಬರುತ್ತಾರೆ. ಇನ್ನು ಕೆಲವರಿಗೆ ನಿಜವಾಗಿಯೂ ಫ್ಯಾಸಿಯಾದ ತೊಂದರೆ ಇರುತ್ತದೆ. ಅವರು ಅದನ್ನು ವಾಯು ಎಂದೋ ನರ ಎಂದೋ ತಿಳಿದು ವರ್ಷಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡಿರುತ್ತಾರೆ. ಈ ಲೇಖನ ಇಬ್ಬರಿಗೂ.

ಮನೆಯಲ್ಲಿ ಮಟನ್ ತೊಳೆದು ಹೆಚ್ಚುವವರಿಗೆ ಫ್ಯಾಸಿಯಾ ಹೊಸದಲ್ಲ. ತೊಡೆಯ ಮಾಂಸದ ಮೇಲೆ ಬೆಳ್ಳಗೆ ಹೊಳೆಯುವ, ಚಾಕುವಿಗೆ ಜಾರುವ, ಎಷ್ಟು ಬೇಯಿಸಿದರೂ ಹಲ್ಲಿಗೆ ನಾರುನಾರಾಗಿ ಸಿಗುವ ಪೊರೆ ಇದೆಯಲ್ಲ, ಅದೇ. ನಮ್ಮ ಮೈಯಲ್ಲೂ ಚರ್ಮದ ಕೆಳಗೊಂದು ಸಡಿಲ ಪದರವಾಗಿ, ಅದರ ಕೆಳಗೆ ಸ್ನಾಯುಗಳನ್ನು ಕಟ್ಟಿಹಿಡಿಯುವ ಗಟ್ಟಿ ಪದರವಾಗಿ, ಇನ್ನೂ ಒಳಗೆ ಅಂಗಾಂಗಗಳ ಸುತ್ತಲಿನ ಹೊದಿಕೆಯಾಗಿ ಅದು ಹರಡಿಕೊಂಡಿದೆ. ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳು ಮತ್ತು ನೀರು ಇದರ ಮುಖ್ಯ ಭಾಗ. ಪದರಗಳು ಒಂದರ ಮೇಲೊಂದು ಜಾರಲು ನಡುವೆ ಹಯಲುರೊನನ್ ಎಂಬ ಲೋಳೆಯಂಥ ವಸ್ತು ಇರುತ್ತದೆ. ನರಗಳ ತುದಿಗಳೂ ಸಾಕಷ್ಟು ಇರುವುದರಿಂದ ಈ ಪೊರೆಗೆ ನೋವು ತಿಳಿಯುತ್ತದೆ.

ತೊಂದರೆ ಬರುವ ದಾರಿಗಳು ಕೆಲವೇ. ಅತಿಯಾದ ಹೊರೆಯಿಂದ ನಾರುಗಳು ಸವೆಯಬಹುದು. ಪೊರೆ ದಪ್ಪಗಾಗಿ ಮುದುಡಬಹುದು. ಪದರಗಳ ಜಾರಿಕೆ ಕಡಿಮೆಯಾಗಬಹುದು. ಅಪರೂಪಕ್ಕೆ ಸೋಂಕು ತಗಲಬಹುದು, ಅಥವಾ ಪೊರೆಯೊಳಗೆ ಒತ್ತಡ ಏರಬಹುದು. ಕೊನೆಯ ಎರಡರಲ್ಲಿ ಕೈಕಾಲು ಹೋಗಬಹುದು, ಕೆಲವೊಮ್ಮೆ ಜೀವವೂ. ಆದ್ದರಿಂದ ಅವೆರಡನ್ನು ಮೊದಲು ಹೇಳಿ ಮುಂದೆ ಹೋಗುತ್ತೇನೆ.

ಮೊದಲು ಇದನ್ನು ಓದಿ: ಕಾಯಬಾರದ ಎರಡು ಸಂದರ್ಭಗಳು

ತೋಟದಲ್ಲಿ ಮುಳ್ಳು ಚುಚ್ಚಿತು, ಹಿಪ್ಪುನೇರಳೆ ಕೊಯ್ಯುವಾಗ ಕುಡುಗೋಲು ತಗುಲಿತು, ಹಸು ಕಾಲು ತುಳಿಯಿತು. ಗಾಯ ಚಿಕ್ಕದು. ಒಂದೆರಡು ದಿನದಲ್ಲಿ ನೋವು ಮಾತ್ರ ಗಾಯಕ್ಕೆ ಹೊಂದದಷ್ಟು ಏರುತ್ತದೆ. ಚರ್ಮ ಸ್ವಲ್ಪ ಕೆಂಪಗಿದೆ ಅಷ್ಟೇ, ಆದರೆ ಮುಟ್ಟಲು ಬಿಡುವುದಿಲ್ಲ. ಕೆಂಪು ಕಾಣುವ ಜಾಗದಿಂದ ಆಚೆಗೂ ನೋವಿದೆ, ಊತವಿದೆ, ಜ್ವರವಿದೆ. ಇದು ಫ್ಯಾಸಿಯಾದ ಉದ್ದಕ್ಕೂ ಹಬ್ಬುವ ಸೋಂಕು ಇರಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಇದರ ಅಪಾಯ ಹೆಚ್ಚು. ಕೆಂಪಿನ ಅಂಚಿನ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯಿರಿ. ಗೆರೆ ದಾಟಿ ಹಬ್ಬುತ್ತಿದೆ ಎಂದು ಕಂಡರೆ ಆ ಗುರುತು ಆಸ್ಪತ್ರೆಯವರಿಗೆ ಬಹಳ ಉಪಯೋಗ. ಆದರೆ ಹಬ್ಬುವುದನ್ನು ನೋಡಲೆಂದು ಮನೆಯಲ್ಲಿ ಕೂರಬೇಡಿ; ಗೆರೆ ಎಳೆದು ಹೊರಡಿ. ಚರ್ಮ ನೇರಳೆ ಅಥವಾ ಕಪ್ಪು ಬಣ್ಣಕ್ಕೆ ತಿರುಗುವುದು, ನೀರುಗುಳ್ಳೆ ಏಳುವುದು, ಇದ್ದಕ್ಕಿದ್ದಂತೆ ನೋವು ನಿಂತು ಆ ಜಾಗ ಮರಗಟ್ಟುವುದು ತಡವಾದ ಗುರುತುಗಳು. ನೋವು ನಿಂತಿತು, ವಾಸಿಯಾಯಿತು ಎಂದುಕೊಂಡರೆ ಅಲ್ಲಿಗೆ ಕೆಟ್ಟಿತು. ಇದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕು. ಮಾತ್ರೆಗಳಿಂದ ಮಾತ್ರ ಹೋಗುವ ಸೋಂಕಲ್ಲ.

ಎರಡನೆಯದು ಮುರಿತ ಅಥವಾ ಜೋರು ಪೆಟ್ಟಿನ ಬಳಿಕ ಬರುವುದು. ಕೈಕಾಲಿನ ಸ್ನಾಯುಗಳು ಗಟ್ಟಿ ಫ್ಯಾಸಿಯಾದ ಚೀಲಗಳೊಳಗೆ ಇವೆ, ಆ ಚೀಲ ಹಿಗ್ಗುವುದಿಲ್ಲ. ಒಳಗೆ ರಕ್ತ ಸೋರಿ ಊದಿಕೊಂಡರೆ ಒತ್ತಡ ಏರಿ ಸ್ನಾಯುವಿಗೆ ರಕ್ತ ನಿಲ್ಲುತ್ತದೆ. ನಮ್ಮ ಕಡೆ ಮೂಳೆ ಮುರಿದರೆ ನಾಟಿ ಕಟ್ಟು ಹಾಕಿಸುವವರು ಇಂದಿಗೂ ಬಹಳ. ಕಟ್ಟು ನಾಟಿಯದಾಗಲಿ, ಆಸ್ಪತ್ರೆಯ ಪ್ಲಾಸ್ಟರ್ ಆಗಲಿ, ಬಿಗಿಯಾಗಿದ್ದರೆ ಅಪಾಯ ಒಂದೇ. ಪರೀಕ್ಷೆ ಸುಲಭ: ಕಟ್ಟಿನಾಚೆ ಕಾಣುವ ಬೆರಳುಗಳನ್ನು ನೀವು ಮೆಲ್ಲಗೆ ಹಿಂದಕ್ಕೆ ಬಗ್ಗಿಸಿ ನೋಡಿ. ಅಷ್ಟಕ್ಕೇ ಚೀರುವಷ್ಟು ನೋವಾದರೆ, ನೋವಿನ ಮಾತ್ರೆಗೂ ಬಗ್ಗದಿದ್ದರೆ, ಬೆರಳು ಜೋಮು ಹಿಡಿದಿದ್ದರೆ, ಕಟ್ಟನ್ನು ಉದ್ದಕ್ಕೂ ಕತ್ತರಿಸಿ ಸಡಿಲಿಸಿ. ಪ್ಲಾಸ್ಟರ್ ಮನೆಯಲ್ಲಿ ಕತ್ತರಿಸಲು ಆಗುವುದಿಲ್ಲ, ಹಾಗೆಯೇ ಹೊರಡಿ. ಕಾಲನ್ನು ದಿಂಬಿನ ಮೇಲೆ ಎತ್ತರಕ್ಕೆ ಇಡಬೇಡಿ, ಎದೆಯ ಮಟ್ಟದಲ್ಲಿರಲಿ. 108ಕ್ಕೆ ಕರೆ ಮಾಡಿ, ಮೂಳೆ ಶಸ್ತ್ರಚಿಕಿತ್ಸಕರು ಇರುವ ಆಸ್ಪತ್ರೆಗೇ ಹೋಗಿ. ಸುಮಾರು ಆರು ಗಂಟೆಯೊಳಗೆ ಆ ಚೀಲವನ್ನು ಕೊಯ್ದು ಬಿಡಿಸದಿದ್ದರೆ ಸ್ನಾಯು ಸಾಯಲು ತೊಡಗುತ್ತದೆ. ಬೆರಳು ತಣ್ಣಗಾಗಿ ಬಿಳಿಚಿಕೊಳ್ಳುವವರೆಗೆ ಕಾಯುವಂತಿಲ್ಲ; ಅದು ಎಲ್ಲಕ್ಕಿಂತ ಕೊನೆಯಲ್ಲಿ ಬರುವ ಗುರುತು.

ಇನ್ನು ನಿತ್ಯದ ತೊಂದರೆಗಳಿಗೆ ಬರೋಣ. ಬೇಕಾದ ಸಾಮಾನು: ಒಂದು ಗೋಡೆ, ಒಂದು ಮೇಜು, ಒಂದು ನಾಣ್ಯ, ಮಕ್ಕಳ ಸ್ಕೇಲು, ಒಂದು ಹಾಳೆ ಕಾಗದ. ನಿಮ್ಮ ಬೆನ್ನು ನಿಮಗೆ ಕಾಣದ ಕಾರಣ ಮನೆಯವರು ಒಬ್ಬರು ಜೊತೆಗಿರಲಿ.

ಹಂತ 1: ನೋವಿನ ಹೊತ್ತನ್ನು ಬರೆದಿಡಿ

ಎಲ್ಲಿ ನೋವು ಎಂದು ಎಲ್ಲರೂ ತೋರಿಸುತ್ತಾರೆ. ಯಾವಾಗ ನೋವು ಎಂದರೆ ಯಾವಾಗಲೂ ಎನ್ನುತ್ತಾರೆ. ಯಾವಾಗಲೂ ಇರುವುದಿಲ್ಲ, ಗಮನಿಸಿರುವುದಿಲ್ಲ ಅಷ್ಟೇ. ಒಂದು ವಾರ ಕಾಗದದಲ್ಲಿ ಮೂರು ಸಂಗತಿ ಬರೆಯಿರಿ: ಎದ್ದ ತಕ್ಷಣ ಹೇಗಿತ್ತು, ಎಷ್ಟು ಹೊತ್ತಿಗೆ ಸಡಿಲವಾಯಿತು, ಸಂಜೆ ಕೆಲಸ ಮುಗಿದಾಗ ಹೇಗಿತ್ತು. ನನಗೆ ಸ್ಕ್ಯಾನ್ ರಿಪೋರ್ಟಿಗಿಂತ ಈ ಚೀಟಿ ಹೆಚ್ಚು ಹೇಳುತ್ತದೆ.

ಫ್ಯಾಸಿಯಾದ ನೋವಿಗೆ ಒಂದು ನಡೆ ಇದೆ. ಸುಮ್ಮನೆ ಇದ್ದು ಏಳುವಾಗ ಬಿಗಿ, ನಾಲ್ಕು ಹೆಜ್ಜೆ ಓಡಾಡಿದರೆ ಸಡಿಲ, ದಿನವಿಡೀ ದುಡಿದ ಮೇಲೆ ಮತ್ತೆ ನೋವು. ಬೆಳಗಿನ ಬಿಗಿ ಸಾಮಾನ್ಯವಾಗಿ ನಿಮಿಷಗಳ ಲೆಕ್ಕದ್ದು. ಒಲೆ ಹಚ್ಚಿ ಕಾಫಿ ಆಗುವಷ್ಟರಲ್ಲಿ ಬಿಟ್ಟಿರುತ್ತದೆ. ಅರ್ಧ ಗಂಟೆ, ಒಂದು ಗಂಟೆ ಕಳೆದರೂ ಬಿಡದಿದ್ದರೆ, ಬೆರಳ ಗೆಣ್ಣುಗಳು ಊದಿದ್ದರೆ, ಸಂಧಿವಾತವನ್ನು ಯೋಚಿಸಬೇಕು. ನಲವತ್ತು ದಾಟದ ಯುವಕನಿಗೆ ಎರಡೂ ಹಿಮ್ಮಡಿ ನೋವು, ಜೊತೆಗೆ ಬೆಳಗಿನ ಜಾವ ಎಚ್ಚರಿಸುವ ಸೊಂಟ ನೋವು ಇದ್ದರೆ ಅದು ಬೆನ್ನುಮೂಳೆಯ ಉರಿಯೂತದ ಕಾಯಿಲೆಯಾಗಿರಬಹುದು. ತಜ್ಞ ವೈದ್ಯರಿಗೆ ತೋರಿಸಬೇಕು.

ರಾತ್ರಿ ಮಲಗಿದಾಗ, ಯಾವ ಭಂಗಿಯಲ್ಲಿದ್ದರೂ ನಿಲ್ಲದ ನೋವು ಫ್ಯಾಸಿಯಾದ ಸ್ವಭಾವವಲ್ಲ. ತೂಕ ಇಳಿಯುತ್ತಿದ್ದರೆ, ಸಂಜೆ ಜ್ವರ ಬರುತ್ತಿದ್ದರೆ, ಹಿಂದೆ ಕ್ಯಾನ್ಸರ್ ಚಿಕಿತ್ಸೆ ಆಗಿದ್ದರೆ ಮುಂದಿನ ಹಂತಗಳನ್ನು ಬಿಟ್ಟು ನೇರ ವೈದ್ಯರ ಬಳಿಗೆ ಹೋಗಿ.

ಹಂತ 2: ಹಿಮ್ಮಡಿಯನ್ನು ಒಂದೇ ಬೆರಳಿನಿಂದ ಹುಡುಕಿ

ಎಲ್ಲ ಫ್ಯಾಸಿಯಾಗಳಲ್ಲಿ ಮನೆಯಲ್ಲೇ ಸ್ಪಷ್ಟವಾಗಿ ಗುರುತಿಸಬಹುದಾದ್ದು ಅಂಗಾಲಿನದು. ಹಿಮ್ಮಡಿ ಮೂಳೆಯಿಂದ ಹೊರಟು ಬೆರಳುಗಳ ಬುಡದವರೆಗೆ ಹಬ್ಬಿ ಪಾದದ ಕಮಾನನ್ನು ಹಿಡಿದಿಡುವ ದಪ್ಪ ಪಟ್ಟಿ ಅದು. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಬರಿಗಾಲಿನಲ್ಲಿ ಒದ್ದೆ ಸಿಮೆಂಟ್ ನೆಲದ ಮೇಲೆ ದಿನವಿಡೀ ನಿಲ್ಲುವವರು, ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಕ್ರೇಟು ಹೊರುವವರು, ತರಗತಿಯಲ್ಲಿ ನಿಂತೇ ಪಾಠ ಮಾಡುವ ಮೇಷ್ಟರು, ಅಡುಗೆಮನೆಯ ಗ್ರಾನೈಟ್ ನೆಲದ ಮೇಲೆ ಓಡಾಡುವ ಗೃಹಿಣಿಯರು ಒಂದೇ ದೂರು ಹೇಳುತ್ತಾರೆ: ಬೆಳಗ್ಗೆ ಮೊದಲ ಹೆಜ್ಜೆ ಇಟ್ಟಾಗ ಮೊಳೆ ಚುಚ್ಚಿದಂತಾಗುತ್ತದೆ. ನಲವತ್ತರಿಂದ ಅರವತ್ತರ ವಯಸ್ಸು, ಹೆಚ್ಚು ಮೈತೂಕ, ಬಿಗಿಯಾದ ಮೀನಖಂಡ, ಚಪ್ಪಟೆ ಪಾದ ಇದ್ದರೆ ಸಾಧ್ಯತೆ ಹೆಚ್ಚು.

ನೋವಿರುವ ಕಾಲನ್ನು ಇನ್ನೊಂದು ತೊಡೆಯ ಮೇಲೆ ಇಟ್ಟುಕೊಂಡು ಕುಳಿತುಕೊಳ್ಳಿ. ಒಂದು ಕೈಯಿಂದ ಕಾಲಿನ ಬೆರಳುಗಳನ್ನು, ಮುಖ್ಯವಾಗಿ ಹೆಬ್ಬೆರಳನ್ನು, ಮೊಣಕಾಲಿನ ಕಡೆಗೆ ಎಳೆಯಿರಿ. ಅಂಗಾಲಿನ ಒಳಮಗ್ಗುಲಲ್ಲಿ ತಂತಿಯ ಹಾಗೆ ಬಿಗಿಯಾಗಿ ಏಳುವ ಪಟ್ಟಿಯೇ ಅದು. ಈಗ ಇನ್ನೊಂದು ಕೈಯ ಹೆಬ್ಬೆರಳಿನಿಂದ ಆ ಪಟ್ಟಿಯ ಗುಂಟ ಹಿಮ್ಮಡಿಯ ಕಡೆಗೆ ಒತ್ತುತ್ತಾ ಬನ್ನಿ. ಹಿಮ್ಮಡಿ ಮೂಳೆ ಸಿಗುವ ಜಾಗದಲ್ಲಿ, ಸ್ವಲ್ಪ ಒಳಮಗ್ಗುಲಿಗೆ, ತಟ್ಟನೆ ಕಾಲೆಳೆದುಕೊಳ್ಳುವಂಥ ನೋವಿದ್ದರೆ, ಮೊದಲ ಹೆಜ್ಜೆಯ ನೋವೂ ಜೊತೆಗಿದ್ದರೆ, ಅಂಗಾಲಿನ ಫ್ಯಾಸಿಯಾದ ತೊಂದರೆ ಎಂದು ಬಹುಮಟ್ಟಿಗೆ ನಂಬಬಹುದು. ಬೆರಳುಗಳನ್ನು ಎಳೆದಾಗ ನೋವು ಇನ್ನೂ ಹೆಚ್ಚಿದರೆ ನಂಬಿಕೆ ಗಟ್ಟಿಯಾಗುತ್ತದೆ.

ನೋವಿನ ಜಾಗ ಬೇರೆಯಾದರೆ ಕಾರಣವೂ ಬೇರೆ. ಹಿಮ್ಮಡಿಯ ನಟ್ಟನಡುವೆ ನೋವಿದ್ದರೆ ಅಲ್ಲಿನ ಕೊಬ್ಬಿನ ಮೆತ್ತೆ ಸವೆದಿರಬಹುದು. ಹಿಮ್ಮಡಿಯನ್ನು ಎರಡೂ ಬದಿಯಿಂದ ಅಂಗೈಗಳಲ್ಲಿ ಹಿಂಡಿದಾಗ ತಡೆಯಲಾಗದ ನೋವು ಬಂದರೆ ಮೂಳೆಯಲ್ಲಿ ಸಣ್ಣ ಬಿರುಕು ಇರುವ ಸಂದೇಹ. ಹಿಂಭಾಗದಲ್ಲಿ, ಚಪ್ಪಲಿಯ ಪಟ್ಟಿ ಉಜ್ಜುವ ಕಡೆ ನೋವಿದ್ದರೆ ಅದು ಮೀನಖಂಡದ ಸ್ನಾಯುರಜ್ಜು. ಉರಿ, ಜೋಮು, ರಾತ್ರಿ ಹೊತ್ತು ಇರುವೆ ಹರಿದಂತಾಗುವುದು ಇದ್ದರೆ ನರ. ಸಕ್ಕರೆ ಪರೀಕ್ಷೆ ಮಾಡಿಸಿ.

ಇನ್ನೊಂದು ಅಳತೆ ಇದೆ. ಗೋಡೆಗೆ ಎದುರಾಗಿ ನಿಂತು, ಹಿಮ್ಮಡಿ ನೆಲ ಬಿಡದಂತೆ ಮೊಣಕಾಲನ್ನು ಮುಂದೆ ಬಗ್ಗಿಸಿ ಗೋಡೆಗೆ ಮುಟ್ಟಿಸಿ. ಪಾದವನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿಸುತ್ತಾ, ಮೊಣಕಾಲು ಗೋಡೆ ಮುಟ್ಟುವ ಕೊನೆಯ ಜಾಗದಲ್ಲಿ ಹೆಬ್ಬೆರಳಿನಿಂದ ಗೋಡೆಗೆ ಎಷ್ಟು ದೂರ ಎಂದು ಸ್ಕೇಲಿನಲ್ಲಿ ಅಳೆಯಿರಿ. ಸುಮಾರು 10 ಸೆಂಟಿಮೀಟರ್ ಬಂದರೆ ಸರಿ. ಅದಕ್ಕಿಂತ ಬಹಳ ಕಡಿಮೆ ಇದ್ದರೆ, ಅಥವಾ ಒಂದು ಕಾಲಿಗೂ ಇನ್ನೊಂದಕ್ಕೂ ಎರಡು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಕಾಲಿನ ಹರಡು ಬಿಗಿಯಾಗಿದೆ, ಆ ಎಳೆತವನ್ನು ಅಂಗಾಲು ಹೊರುತ್ತಿದೆ ಎಂದರ್ಥ. ಅಳತೆಯನ್ನು ತಾರೀಖಿನ ಸಮೇತ ಬರೆದಿಡಿ. ಚಿಕಿತ್ಸೆ ಕೆಲಸ ಮಾಡುತ್ತಿದೆಯೇ ಎಂದು ಮುಂದೆ ಇದರಿಂದಲೇ ತಿಳಿಯುತ್ತದೆ.

ಹಂತ 3: ಕತ್ತು ಮತ್ತು ಹೆಗಲು

ದ್ರಾಕ್ಷಿ ಚಪ್ಪರದ ಕೆಳಗೆ ನಿಂತು ಕಡ್ಡಿ ಕತ್ತರಿಸಿದವರಿಗೆ ಗೊತ್ತು: ದಿನವಿಡೀ ಮುಖ ಮೇಲೆ, ಕೈ ಮೇಲೆ. ಸಂಜೆಗೆ ಕತ್ತಿನಿಂದ ಹೆಗಲಿನವರೆಗಿನ ಸ್ನಾಯು ಕಲ್ಲಾಗಿರುತ್ತದೆ. ಮೊಬೈಲ್ ಮೇಲೆ ಬಾಗಿ ಕೂರುವವರಿಗೂ ಇದೇ ಜಾಗ.

ನಾಲ್ಕು ಬೆರಳುಗಳನ್ನು ಎದುರು ಹೆಗಲಿನ ಮೇಲೆ ಚಪ್ಪಟೆಯಾಗಿ ಇಟ್ಟು ಹಿಂದೆ ಮುಂದೆ ಮೆಲ್ಲಗೆ ಜಾರಿಸಿ. ಬಿಗಿಯಾದ ಹುರಿಯೊಂದು ಬೆರಳ ಕೆಳಗೆ ಉರುಳುತ್ತದೆಯೇ? ಅದರಲ್ಲಿ ಒಂದು ಜಾಗವನ್ನು ಒತ್ತಿದಾಗ ನೋವು ಅಲ್ಲೇ ನಿಲ್ಲದೆ ಕಿವಿಯ ಹಿಂದಿನಿಂದ ಕಣತಲೆಗೆ ಏರುತ್ತದೆಯೇ? ಆ ನೋವು ನಿಮಗೆ ನಿತ್ಯ ಕಾಡುವ ನೋವೇ ಎಂದು ಅನ್ನಿಸುತ್ತದೆಯೇ? ಮೂರಕ್ಕೂ ಹೌದು ಎಂದರೆ ಸ್ನಾಯು ಮತ್ತು ಅದರ ಪೊರೆಯ ನೋವು ಎನ್ನುವ ವರ್ಗಕ್ಕೆ ಇದು ಸೇರುತ್ತದೆ. ಇಂಥ ಬಿಂದುಗಳನ್ನೂ ಅವುಗಳ ನೋವು ಎಲ್ಲಿಗೆ ಹರಿಯುತ್ತದೆ ಎಂಬುದನ್ನೂ ವಿವರವಾಗಿ ಗುರುತಿಸಿದವರು ಅಮೆರಿಕದ ವೈದ್ಯೆ ಜಾನೆಟ್ ಟ್ರಾವೆಲ್. ಅಧ್ಯಕ್ಷ ಕೆನಡಿ ಅವರ ಬೆನ್ನುನೋವಿಗೆ ಚಿಕಿತ್ಸೆ ಕೊಟ್ಟು ಶ್ವೇತಭವನದ ವೈದ್ಯೆಯಾದವರು. ಆದರೆ ಒಂದು ಮಾತು. ಒಬ್ಬರೇ ರೋಗಿಯನ್ನು ಇಬ್ಬರು ಪರಿಣತರು ಮುಟ್ಟಿ ನೋಡಿದರೂ ಬಿಂದು ಇರುವ ಜಾಗದ ಬಗ್ಗೆ ಅನೇಕ ಸಲ ಒಮ್ಮತ ಬರುವುದಿಲ್ಲ. ಇದನ್ನು ಎಕ್ಸ್-ರೇಯಂಥ ಖಚಿತ ಪರೀಕ್ಷೆ ಎಂದು ತಿಳಿಯಬೇಡಿ.

ಜೋಮು ಕೈಬೆರಳಿನವರೆಗೆ ಇಳಿದರೆ, ಲೋಟ ಕೈಜಾರುತ್ತಿದ್ದರೆ, ಕತ್ತಿನ ನರವನ್ನು ಪರೀಕ್ಷಿಸಬೇಕು. ಮೆಟ್ಟಿಲು ಹತ್ತಿದಾಗ ಎಡ ಹೆಗಲು, ದವಡೆ ಹಿಡಿದುಕೊಂಡು ಬೆವರು ಬಂದರೆ ಅದು ಹೃದಯ. ಒತ್ತಿ ನೋಡುತ್ತಾ ಕೂರುವ ಹೊತ್ತಲ್ಲ.

ಹಂತ 4: ನಮಸ್ಕಾರ ಮಾಡಿ, ಮೇಜು ಮುಟ್ಟಿ

ಸಕ್ಕರೆ ಕಾಯಿಲೆ ಇರುವವರೆಲ್ಲ ಈ ಹಂತವನ್ನು ತಪ್ಪದೆ ಮಾಡಿ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಅದು ಕೊಲಾಜೆನ್ ನಾರುಗಳಿಗೆ ಅಂಟಿಕೊಂಡು ಅವನ್ನು ಬಿರುಸಾಗಿಸುತ್ತದೆ. ಅದು ಮೊದಲು ಕಾಣುವ ಜಾಗಗಳಲ್ಲಿ ಕೈ ಒಂದು.

ಮೊಣಕೈಗಳನ್ನು ಪಕ್ಕಕ್ಕೆ ಎತ್ತಿ ನಮಸ್ಕಾರ ಮಾಡಿ. ಅಂಗೈಗೆ ಅಂಗೈ, ಬೆರಳಿಗೆ ಬೆರಳು ಬುಡದಿಂದ ತುದಿಯವರೆಗೆ ಕೂಡಬೇಕು. ಕಿರುಬೆರಳಿನ ಕಡೆಯಿಂದ ಶುರುವಾಗಿ ಬೆರಳುಗಳ ನಡುವೆ ಕಿಂಡಿ ಉಳಿದು ಬೆಳಕು ಕಂಡರೆ, ಬೆರಳಿನ ಚರ್ಮ ದಪ್ಪಗೆ ಮೇಣದಂತೆ ಆಗಿದ್ದರೆ, ಸಕ್ಕರೆಯಿಂದ ಕೈ ಬಿಗಿದಿರುವ ಲಕ್ಷಣ. ನೋವು ಇರುವುದಿಲ್ಲ, ಹಾಗಾಗಿ ಯಾರೂ ಗಮನಿಸುವುದಿಲ್ಲ. ಆದರೆ ಇಂಥ ಕೈ ಇರುವವರಲ್ಲಿ ಕಣ್ಣು, ಮೂತ್ರಪಿಂಡಗಳಲ್ಲೂ ಸಕ್ಕರೆಯ ಹಾನಿ ಕಾಣಿಸಿಕೊಂಡಿರುವುದು ಹೆಚ್ಚು. ಅವುಗಳ ಪರೀಕ್ಷೆಯನ್ನು ಮುಂದೂಡಬೇಡಿ.

ಬಳಿಕ ಅಂಗೈಯನ್ನು ಮೇಜಿನ ಮೇಲೆ ಬೋರಲು ಇಡಿ. ಪೂರ್ತಿ ಚಪ್ಪಟೆಯಾಗಿ ಕೂರಬೇಕು. ಉಂಗುರದ ಬೆರಳು ಅಥವಾ ಕಿರುಬೆರಳು ಎದ್ದೇ ನಿಂತರೆ, ಅವುಗಳ ಬುಡದಲ್ಲಿ ಅಂಗೈಯೊಳಗೆ ಗಂಟು ಅಥವಾ ಹುರಿ ಸಿಕ್ಕರೆ, ಅಂಗೈಯ ಫ್ಯಾಸಿಯಾ ಮುದುಡುತ್ತಿದೆ. ಡುಪ್ಯುಟ್ರನ್ ಎಂಬ ಫ್ರೆಂಚ್ ಶಸ್ತ್ರಚಿಕಿತ್ಸಕನ ಹೆಸರಿನಿಂದ ಕರೆಯುವ ಈ ತೊಂದರೆ ಐವತ್ತು ದಾಟಿದ ಗಂಡಸರಲ್ಲಿ ಹೆಚ್ಚು. ಗಂಟು ಮಾತ್ರ ಇದ್ದು ಕೈ ಚಪ್ಪಟೆಯಾಗಿ ಕೂರುತ್ತಿದ್ದರೆ ಗಾಬರಿ ಬೇಡ, ಆರು ತಿಂಗಳಿಗೊಮ್ಮೆ ಮೇಜಿನ ಪರೀಕ್ಷೆ ಮಾಡಿದರೆ ಸಾಕು. ಕೂರದಿದ್ದರೆ ಶಸ್ತ್ರಚಿಕಿತ್ಸಕರಿಗೆ ತೋರಿಸಿ. ಬೆರಳನ್ನು ಬಲವಂತವಾಗಿ ಎಳೆಸುವುದರಿಂದ ಹುರಿ ಬಿಡುವುದಿಲ್ಲ.

ರವಿಕೆಯ ಹಿಂದಿನ ಹುಕ್ಕಿಗೆ ಕೈ ಹೋಗುತ್ತಿಲ್ಲ, ತಲೆ ಬಾಚಲಾಗುತ್ತಿಲ್ಲ ಎನ್ನುವುದು ಭುಜದ ಕೀಲಿನ ಚೀಲ ಮುದುಡಿರುವ ಗುರುತು. ಇದೂ ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು.

ಹಂತ 5: ಬೆನ್ನು, ಜೊತೆಗೆ ನೀರಿನ ಪ್ರಶ್ನೆ

ಸೊಂಟದ ಮೇಲೆ ಎರಡೂ ಬದಿಗೆ ಹರಡಿದ ಅಗಲವಾದ ಫ್ಯಾಸಿಯಾ ಇದೆ. ಬಹುಕಾಲದ ಸೊಂಟನೋವು ಇರುವವರಲ್ಲಿ ಅದರ ಪದರಗಳು ಒಂದರ ಮೇಲೊಂದು ಜಾರುವುದು ಉಳಿದವರಿಗಿಂತ ಸುಮಾರು 20 ಶೇಕಡಾ ಕಡಿಮೆ ಎಂದು 2011ರಲ್ಲಿ ಪ್ರಕಟವಾದ ಅಲ್ಟ್ರಾಸೌಂಡ್ ಅಧ್ಯಯನವೊಂದು ತೋರಿಸಿತು. ಜಾರದಿರುವುದರಿಂದ ನೋವು ಬಂತೋ, ನೋವಿನಿಂದ ಮೈ ಅಲುಗಾಡಿಸದೆ ಜಾರಿಕೆ ಕಡಿಮೆಯಾಯಿತೋ ಎನ್ನುವುದು ಅದರಿಂದ ತೀರ್ಮಾನವಾಗುವುದಿಲ್ಲ. ಬೆರಳಿನಿಂದ ಒತ್ತಿ ಈ ಪದರವೇ ಕಾರಣ ಎಂದು ಹೇಳುವವರನ್ನು ನಾನು ನಂಬುವುದಿಲ್ಲ.

ಅದಕ್ಕಿಂತ ಮುಖ್ಯವಾದ ಪರೀಕ್ಷೆ ನಮ್ಮ ಜಿಲ್ಲೆಗಳಲ್ಲಿ ಬೇರೆಯೇ ಇದೆ. ಬಾಗೇಪಲ್ಲಿ, ಗುಡಿಬಂಡೆ ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಹಳೆಯ ಸಂಗತಿ. ಕೋಲಾರದ ಹಲವು ಊರುಗಳದ್ದೂ, ತುಮಕೂರಿನ ಪಾವಗಡದ್ದೂ ಇದೇ ಪಾಡು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯಿಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನದಂಡ. ಹೆಚ್ಚು ಫ್ಲೋರೈಡ್ ವರ್ಷಗಟ್ಟಲೆ ಮೈಗೆ ಸೇರಿದರೆ ಮೂಳೆ, ಅಸ್ಥಿರಜ್ಜುಗಳು ಗಡುಸಾಗಿ ಬೆನ್ನು ಬಿಗಿಯುತ್ತದೆ. ಮೇಲ್ನೋಟಕ್ಕೆ ಅದು ಫ್ಯಾಸಿಯಾದ ಬಿಗಿಯಂತೆಯೇ ಕಾಣುತ್ತದೆ.

ಮೂರು ಪರೀಕ್ಷೆಗಳನ್ನು ಮಾಡಿ. ನೆಲದ ಮೇಲೆ ನಾಣ್ಯ ಇಟ್ಟು ಮೊಣಕಾಲು ಬಗ್ಗಿಸದೆ ತೆಗೆದುಕೊಳ್ಳಿ. ಗದ್ದವನ್ನು ಎದೆಗೆ ಮುಟ್ಟಿಸಿ. ಎರಡೂ ಕೈಗಳನ್ನು ಪಕ್ಕಕ್ಕೆ ಚಾಚಿ, ಮೊಣಕೈ ಬಗ್ಗಿಸಿ ತಲೆಯ ಹಿಂದೆ ಮುಟ್ಟಿಸಿ. ಕೆಲಸ ಮಾಡಿ ಗಟ್ಟಿಮುಟ್ಟಾಗಿರುವ ನಡುವಯಸ್ಸಿನವರೂ ಇವುಗಳಲ್ಲಿ ಸೋತರೆ, ಅದೇ ನೀರು ಕುಡಿಯುವ ಅಕ್ಕಪಕ್ಕದ ಮನೆಯವರೂ ಸೋತರೆ, ಮನೆಯ ಮಕ್ಕಳ ಹಲ್ಲಿನಲ್ಲಿ ಸುಣ್ಣದಂಥ ಅಥವಾ ಕಂದು ಪಟ್ಟೆಗಳಿದ್ದರೆ ನೀರನ್ನು ಪರೀಕ್ಷೆಗೆ ಕೊಡಿ. ದೊಡ್ಡವರ ಹಲ್ಲು ಚೆನ್ನಾಗಿದೆ ಎಂದು ಸುಮ್ಮನಾಗಬೇಡಿ: ಹಲ್ಲು ಮೂಡುವ ಚಿಕ್ಕ ವಯಸ್ಸಿನಲ್ಲಿ ಆ ನೀರು ಕುಡಿದವರಿಗೆ ಮಾತ್ರ ಕಲೆ ಬರುತ್ತದೆ; ಮದುವೆಯಾಗಿ ಆ ಊರಿಗೆ ಬಂದ ಸೊಸೆಗೆ ಹಲ್ಲು ಬೆಳ್ಳಗಿದ್ದು ಬೆನ್ನು ಮಾತ್ರ ಬಿಗಿಯಬಹುದು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಊರಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತಿದ್ದರೆ ಪಂಚಾಯಿತಿಯವರನ್ನು ಬಿಡಬೇಡಿ. ಅಡುಗೆಗೂ ಘಟಕದ ನೀರನ್ನೇ ಬಳಸಿ. ಕುಡಿಯಲು ಒಂದು, ಸಾರಿಗೆ ಕೊಳವೆಬಾವಿಯದು ಎಂದರೆ ಅರ್ಧ ಕೆಲಸ.

ಸೊಂಟನೋವಿನ ಜೊತೆ ಮೂತ್ರ ಕಟ್ಟಿದರೆ, ಕೂರುವ ಜಾಗದಲ್ಲಿ ಸ್ಪರ್ಶ ತಿಳಿಯದಿದ್ದರೆ ಅಂದೇ ಆಸ್ಪತ್ರೆ.

ಹಂತ 6: ಚರ್ಮ ಮತ್ತು ಹಳೆಯ ಗಾಯ

ಸಿಸೇರಿಯನ್ ಅಥವಾ ಬೇರೆ ಶಸ್ತ್ರಚಿಕಿತ್ಸೆಯ ಗಾಯ ಪೂರ್ತಿ ಒಣಗಿ ತಿಂಗಳುಗಳಾಗಿದ್ದರೆ, ಕಲೆಯ ಮೇಲೆ ಎರಡು ಬೆರಳು ಇಟ್ಟು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಸರಿಸಿ. ಸುತ್ತಲಿನ ಚರ್ಮ ಸರಿದು ಕಲೆ ಮಾತ್ರ ನೆಟ್ಟಗೆ ನಿಂತರೆ ಅದು ಕೆಳಪದರಕ್ಕೆ ಅಂಟಿಕೊಂಡಿದೆ. ನೋವಿಲ್ಲದಿದ್ದರೆ ಇರಲಿ ಬಿಡಿ.

ಕೈಕಾಲಿನ ಚರ್ಮ ಕೆಲವು ವಾರಗಳಲ್ಲಿ ಗಡುಸಾಗಿ ಕಿತ್ತಳೆ ಸಿಪ್ಪೆಯಂತೆ ಗುಳಿಗುಳಿಯಾಗಿ, ಕೈ ಮೇಲೆತ್ತಿದಾಗ ರಕ್ತನಾಳದ ಜಾಗದಲ್ಲಿ ಉಬ್ಬಿನ ಬದಲು ತಗ್ಗು ಗೆರೆ ಕಂಡರೆ ರಕ್ತ ಪರೀಕ್ಷೆ ಬೇಕು. ಇಯೊಸಿನೊಫಿಲ್ ಕಣಗಳು ಏರಿ ಫ್ಯಾಸಿಯಾ ಊದಿಕೊಳ್ಳುವ ಅಪರೂಪದ ಕಾಯಿಲೆ ಅದು, 1974ರಲ್ಲಿ ಮೊದಲು ವರ್ಣಿಸಿದ್ದು. ಒಂದೇ ಕಾಲಿನ ಮೀನಖಂಡ ದಿಢೀರನೆ ಊದಿ, ಬಿಸಿಯಾಗಿ ನೋವು ಬಂದರೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ಯಾರಿಂದಲೂ ತಿಕ್ಕಿಸಬೇಡಿ.

ಗುರುತು ಸಿಕ್ಕ ಮೇಲೆ

ಹಿಮ್ಮಡಿಯದೇ ಆದರೆ ಮನೆಯಲ್ಲೇ ಶುರು ಮಾಡಬಹುದು. ಹಾಸಿಗೆಯಿಂದ ಇಳಿಯುವ ಮೊದಲೇ ಕಾಲಿನ ಬೆರಳುಗಳನ್ನು ಹಂತ 2ರಲ್ಲಿ ಹೇಳಿದಂತೆ ಎಳೆದು ಹತ್ತು ಸೆಕೆಂಡು ಹಿಡಿಯಿರಿ, ಹತ್ತು ಸಲ. ಹಾಸಿಗೆಯ ಪಕ್ಕದಲ್ಲೇ ಮೆತ್ತನೆಯ ಚಪ್ಪಲಿ ಇರಲಿ; ಬರಿಗಾಲಿನಲ್ಲಿ ಗ್ರಾನೈಟ್ ಮೇಲೆ ಮೊದಲ ಹೆಜ್ಜೆ ಬೇಡ. ಒದ್ದೆ ನೆಲದಲ್ಲಿ ನಿಲ್ಲುವ ಕೆಲಸವಾದರೆ ಜಾರದ ರಬ್ಬರ್ ಚಪ್ಪಲಿ, ಕಾಲ ಕೆಳಗೊಂದು ರಬ್ಬರ್ ಮ್ಯಾಟ್. ಬಳಿಕ ಮೆಟ್ಟಿಲಿನ ಅಂಚಿನಲ್ಲಿ ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟು ನಿಂತು, ಮೂರು ಎಣಿಸುತ್ತಾ ಹಿಮ್ಮಡಿ ಎತ್ತಿ, ಎರಡು ಎಣಿಸುವಷ್ಟು ಹಿಡಿದು, ಮೂರು ಎಣಿಸುತ್ತಾ ಇಳಿಸಿ. ದಿನ ಬಿಟ್ಟು ದಿನ, ಹನ್ನೆರಡು ಸಲದಂತೆ ಮೂರು ಸುತ್ತು. ಸ್ವಲ್ಪ ನೋವಾದರೂ ಮುಂದುವರಿಸಬಹುದು, ಮರುದಿನ ಹೆಚ್ಚಾದರೆ ಕಡಿಮೆ ಮಾಡಿ. ಬೇಗ ಗುಣವಾಗದೆಂದು ಬೇಸರಪಡಬೇಡಿ. ಬಹುತೇಕರಿಗೆ ಶಸ್ತ್ರಚಿಕಿತ್ಸೆ ಇಲ್ಲದೆ ವಾಸಿಯಾಗುತ್ತದೆ, ಆದರೆ ತಿಂಗಳುಗಳು ಬೇಕು, ಕೆಲವರಿಗೆ ವರ್ಷ.

ಕತ್ತಿಗೆ ಬಿಸಿನೀರಿನ ಶಾಖ, ಅರ್ಧ ಗಂಟೆಗೊಮ್ಮೆ ಕೈ ಕೆಳಗಿಳಿಸಿ ಹೆಗಲು ತಿರುಗಿಸುವುದು, ಚಪ್ಪರದ ಕೆಳಗೆ ಎತ್ತರಕ್ಕೆ ಸಣ್ಣ ಸ್ಟೂಲು. ಇಷ್ಟರಲ್ಲೇ ಸಾಕಷ್ಟು ಕಡಿಮೆಯಾಗುತ್ತದೆ.

ಫ್ಯಾಸಿಯಾ ಬಿಡಿಸುತ್ತೇವೆ ಎಂದು ಹತ್ತು ಸಿಟ್ಟಿಂಗ್‌ಗಳ ಪ್ಯಾಕೇಜ್ ಮಾರುವವರ ಬಳಿ ಎಚ್ಚರ. ತೊಡೆ ಮತ್ತು ಅಂಗಾಲಿನ ಗಟ್ಟಿ ಫ್ಯಾಸಿಯಾವನ್ನು ಒಂದು ಶೇಕಡಾ ಅದುಮಿ ಜರುಗಿಸಲೂ ಮನುಷ್ಯನ ಕೈಯ ಬಲ ಸಾಲದು ಎಂದು 2008ರ ಗಣಿತ ಮಾದರಿಯೊಂದು ಲೆಕ್ಕ ಹಾಕಿ ತೋರಿಸಿದೆ. ಮಸಾಜಿನಿಂದ ಹಿತವಾಗುವುದು ನಿಜ, ಆ ಹಿತ ನರಗಳ ಮೂಲಕ ಬರುವಂಥದ್ದು. ಪೊರೆ ಹರಿದು ಬಿಟ್ಟುಕೊಂಡದ್ದಲ್ಲ. ಮೈ ನೀಲಿಗಟ್ಟುವಂತೆ ತಿಕ್ಕಿದರೆ ಹೆಚ್ಚು ಗುಣ ಎನ್ನುವುದು ಸುಳ್ಳು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅಂಥವರ ಹತ್ತಿರವೂ ಹೋಗಬಾರದು. ಹಿಮ್ಮಡಿಗೆ ಪದೇ ಪದೇ ಸ್ಟೀರಾಯ್ಡ್ ಚುಚ್ಚಿಸಿಕೊಂಡರೆ ಫ್ಯಾಸಿಯಾ ಹರಿಯುವ, ಕೊಬ್ಬಿನ ಮೆತ್ತೆ ಕರಗುವ ಅಪಾಯ ಇದೆ. ಸಕ್ಕರೆ, ಬಿಪಿ ಇರುವವರು ಅಂಗಡಿಯಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಿದರೆ ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ.

ಆರು ವಾರದಲ್ಲಿ ಗೋಡೆಯ ಅಳತೆಯಾಗಲಿ ಬೆಳಗಿನ ನೋವಾಗಲಿ ಸ್ವಲ್ಪವೂ ಬದಲಾಗದಿದ್ದರೆ ತಾಲ್ಲೂಕು ಆಸ್ಪತ್ರೆಯ ಅಥವಾ ಜಿಲ್ಲಾಸ್ಪತ್ರೆಯ ಮೂಳೆ ವಿಭಾಗಕ್ಕೆ ಹೋಗಿ. ಒಂದು ವಾರದ ಚೀಟಿ, ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಇತ್ತೀಚಿನ ಸಕ್ಕರೆ ಮತ್ತು ಥೈರಾಯ್ಡ್ ರಿಪೋರ್ಟ್ ಜೊತೆಗಿರಲಿ. ಥೈರಾಯ್ಡ್ ಕಡಿಮೆಯಾದರೂ, ವಿಟಮಿನ್ ಡಿ ಕೊರತೆಯಾದರೂ, ಕೊಲೆಸ್ಟರಾಲ್ ಮಾತ್ರೆಯಿಂದಲೂ ಮೈಕೈ ನೋವು ಬರುತ್ತದೆ. ಹಿಮ್ಮಡಿಗೆ ಸ್ಕ್ಯಾನ್ ಬೇಕೆನಿಸಿದರೆ ಅಲ್ಟ್ರಾಸೌಂಡ್ ಸಾಕು, ಅಂಗಾಲಿನ ಫ್ಯಾಸಿಯಾ 4 ಮಿಲಿಮೀಟರಿಗಿಂತ ದಪ್ಪಗಿದೆಯೇ ಎಂದು ಅದರಲ್ಲಿ ಕಾಣುತ್ತದೆ. ಎಕ್ಸ್-ರೇಯಲ್ಲಿ ಮೂಳೆ ಮುಳ್ಳಿನಂತೆ ಬೆಳೆದಿದೆ ಎಂದು ಯಾರಾದರೂ ಹೆದರಿಸಿದರೆ ಆಪರೇಷನ್ನಿಗೆ ಒಪ್ಪುವ ಮೊದಲು ಇನ್ನೊಬ್ಬ ವೈದ್ಯರನ್ನು ಕೇಳಿ. ನೋವೇ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲೂ ಅಂಥ ಮುಳ್ಳು ಇರುತ್ತದೆ.